ಶನಿವಾರದ ಸಿಪ್ಪೆ

ಹಣ್ಣು ಕದ್ದವನು ನಾನು. ಸೆಲ್ವಿಯಕ್ಕ ಅಲ್ಲ.

ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನಡುದಾರಿಯಲ್ಲಿ ಎಲ್ಲೋ ನುಣುಚಿಕೊಳ್ಳುತ್ತೇನೆ ಎನ್ನುವುದು ನನಗೇ ಗೊತ್ತು—ಹನ್ನೊಂದು ವರ್ಷ ಹಾಗೆ ನುಣುಚಿಕೊಂಡೇ ಬಂದವನು. ಬಂಗಾರಪೇಟೆಯ ಹೊರಗಿರುವ ಮಾವಿನ ಹೋಳಿನ ಫ್ಯಾಕ್ಟರಿಯಲ್ಲಿ ಒಂದು ಶನಿವಾರ ಸಂಜೆ, ಎಲ್ಲರೆದುರು ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ, ಕಳ್ಳಿ ಎನ್ನಿಸಿಕೊಂಡು ಹೋದ ಆ ಹೆಂಗಸು ಒಂದು ಹೋಳನ್ನೂ ಮುಟ್ಟಿರಲಿಲ್ಲ. ಕಮ್ಮಿ ಬಿದ್ದ ಹಣ್ಣೆಲ್ಲ ನಮ್ಮ ಮನೆಯ ಕೊಟ್ಟಿಗೆ ಸೇರಿತ್ತು. ನಮ್ಮ ಹಸು ತಿಂದಿತ್ತು.

ನಗು ಬಂದರೆ ನಕ್ಕುಬಿಡಿ. ಇಷ್ಟು ಸಣ್ಣ ಕಳ್ಳತನಕ್ಕೆ ಇಷ್ಟೊಂದು ಪೀಠಿಕೆಯೇ ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ. ಹಾಗೆ ಅನ್ನಿಸಿದಾಗಲೆಲ್ಲ ಸುಮ್ಮನಾಗುವುದು ಸುಲಭವಾಗುತ್ತಿತ್ತು.

ನನ್ನ ಹೆಸರು ವೆಂಕಟೇಶ. ಬಂಗಾರಪೇಟೆಗೆ ಮೂರು ಮೈಲಿ ದೂರದ ಹಳ್ಳಿಯವನು. ಐಟಿಐ ಮುಗಿಸಿ ಆ ಫ್ಯಾಕ್ಟರಿಗೆ ಫಿಟ್ಟರ್ ಆಗಿ ಸೇರಿದಾಗ ನನಗೆ ಒಪ್ಪಿಸಿದ್ದು ಸಿಪ್ಪೆ ತೆಗೆಯುವ ಮಿಷನ್. ನೋಡಲು ಅಂಥ ದೊಡ್ಡ ಯಂತ್ರವೇನಲ್ಲ. ಮೂರು ಹಲ್ಲಿನ ಮುಳ್ಳಿಗೆ ತೋತಾಪುರಿ ಹಣ್ಣು ಸಿಕ್ಕಿಸಿದರೆ ಮುಳ್ಳು ತಿರುಗುತ್ತದೆ. ಸ್ಪ್ರಿಂಗಿನ ಬಲದಲ್ಲಿ ಒಂದು ತೋಳು ಬ್ಲೇಡನ್ನು ಹಣ್ಣಿಗೆ ಒತ್ತಿ ಹಿಡಿದು ತೊಟ್ಟಿನಿಂದ ಮೂತಿಯವರೆಗೆ ಇಳಿಯುತ್ತದೆ. ಸಿಪ್ಪೆ ಉದ್ದಕ್ಕೆ ಸುರುಳಿ ಸುರುಳಿಯಾಗಿ ಹಿಂದಿನ ಟಬ್ಬಿಗೆ ಬೀಳುತ್ತದೆ, ಬೋಳಾದ ಹಣ್ಣು ಮುಂದಿನ ಮೇಜಿಗೆ ಉರುಳುತ್ತದೆ.

ಹೊಂದಿಸಬೇಕಾದದ್ದು ಮೂರೇ ಮೂರು. ಬ್ಲೇಡು ಎಷ್ಟು ಆಳಕ್ಕೆ ಕೂತಿದೆ, ಸ್ಪ್ರಿಂಗು ಎಷ್ಟು ಬಿಗಿಯಿದೆ, ಮುಳ್ಳು ಎಷ್ಟು ಜೋರಾಗಿ ತಿರುಗುತ್ತಿದೆ. ಆದರೆ ಈ ಮೂರು ಒಂದಕ್ಕೊಂದು ಆಗಿಬರದ ಓರಗಿತ್ತಿಯರು. ಬ್ಲೇಡು ತೆಳ್ಳಗೆ ಕೂರಿಸಿದರೆ ಇಳುವರಿ ಚೆನ್ನಾಗಿ ಬರುತ್ತದೆ, ಆದರೆ ತೋತಾಪುರಿಯ ಮೂತಿ ಬಾಗಿರುವ ಕಡೆ ಹಸಿರು ಪಟ್ಟಿ ಉಳಿದುಬಿಡುತ್ತದೆ. ಆಳಕ್ಕೆ ಕೂರಿಸಿದರೆ ಹಣ್ಣಿನ ಮೈ ನುಣ್ಣಗೆ ಬರುತ್ತದೆ, ಆದರೆ ಸಿಪ್ಪೆಯ ಜೊತೆ ತಿರುಳೂ ಹೋಗುತ್ತದೆ. ಸ್ಪ್ರಿಂಗು ಬಿಗಿಯಾದರೆ ಬ್ಲೇಡು ನಡುಗಿ ಮೈಮೇಲೆ ಉತ್ತ ಹೊಲದ ಹಾಗೆ ಗೆರೆ ಬೀಳುತ್ತದೆ. ಆ ಗೆರೆಗಳಲ್ಲಿ ರಸ ಜಿನುಗಿ ಹೋಳು ಕಂದಿಹೋಗುತ್ತದೆ. ಬೆಳಿಗ್ಗೆ ಗಟ್ಟಿಯಿದ್ದ ಹಣ್ಣು ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗುತ್ತದೆ, ಆಗ ಮತ್ತೆ ಮೊದಲಿನಿಂದ ಹೊಂದಿಸಬೇಕು. ನಾನು ಸಿಪ್ಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಹಿಂದೆ ಇಟ್ಟ ಬೆರಳಿನ ನೆರಳು ಕಂಡರೆ ಸರಿ, ಕಾಣದಿದ್ದರೆ ತಿರುಳು ಹೋಗುತ್ತಿದೆ ಎಂದು ಅರ್ಥ.

ಈ ಕೆಲಸದಲ್ಲಿ ನನಗೆ ಕೈ ಕುದುರಿತ್ತು. ಮ್ಯಾನೇಜರ್ ಬೇರೆ ಫ್ಯಾಕ್ಟರಿಯವರನ್ನು ಕರೆತಂದು ನನ್ನ ಮಿಷನ್ ತೋರಿಸುತ್ತಿದ್ದರು. ‘ವೆಂಕಟೇಶ ಕೂರಿಸಿದ ಮೇಲೆ ಮುಗೀತು, ಕೂದಲೆಳೆಯಷ್ಟೂ ಆಚೀಚೆ ಆಗಲ್ಲ’ ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನಾನು ಮನೆಗೆ ಹೋಗಿ ರತ್ನಳಿಗೆ—ರತ್ನ ನನ್ನ ಹೆಂಡತಿ—ಎರಡು ಸಲ ಹೇಳುತ್ತಿದ್ದೆ.

ಸೆಲ್ವಿಯಕ್ಕ ಮುಂದಿನ ಮೇಜಿನ ಹಿರಿಯರು. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನಿನ ಮನೆಯಿಂದ ಮಾರಿಕುಪ್ಪಂ ರೈಲುಗಾಡಿ ಹತ್ತಿ ದಿನಾ ಬರುತ್ತಿದ್ದರು. ಆಗ ಅವರಿಗೆ ಐವತ್ತರ ಆಸುಪಾಸು. ಗಂಡ ಅಲ್ಲಿನ ಚಿನ್ನದ ಗಣಿಯಲ್ಲಿ ಗುಂಡಿಗಿಳಿದು ದುಡಿದವರು. ಗಣಿ ಮುಚ್ಚಿದ ಮೇಲೆ ಕೆಮ್ಮುತ್ತಾ ಮನೆಯಲ್ಲಿದ್ದರು. ಮೇಜಿನ ಸುತ್ತ ಐದು ಜನ ಹೆಂಗಸರು. ಮಿಷನ್ ಬಿಟ್ಟ ಹಸಿರನ್ನು ಚಿಕ್ಕ ಚಾಕುವಿನಲ್ಲಿ ಹೆರೆದು, ಗೊರಟೆಯಿಂದ ಹೋಳು ಬಿಡಿಸುವುದು ಅವರ ಕೆಲಸ. ಸೆಲ್ವಿಯಕ್ಕನ ಚಾಕು ಗೊರಟೆಯ ಪಕ್ಕದಲ್ಲಿ ಇಳಿಯುವುದನ್ನು ನೋಡಬೇಕಿತ್ತು. ಒಂದೇ ಎಳೆತ, ಅಷ್ಟೇ. ನಾನು ಹೊಸದರಲ್ಲಿ ಸ್ಪ್ರಿಂಗು ಬಿಗಿಮಾಡಿ ಹಣ್ಣನ್ನೆಲ್ಲ ಗೆರೆ ಗೆರೆ ಮಾಡಿ ಕಳಿಸಿದಾಗ ಮ್ಯಾನೇಜರಿಗೆ ಗೊತ್ತಾಗುವ ಮೊದಲೇ ಅದನ್ನು ಹೆರೆದು ಸರಿಮಾಡಿ, ಮೆಲ್ಲಗೆ ನನ್ನ ಹತ್ತಿರ ಬಂದು, ‘ವೆಂಕಟೇಸಾ, ಅಣ್ಣು ಅಳ್ತೈತೆ ಪಾ, ಸ್ವಲ್ಪ ಸಡ್ಲ ಮಾಡು’ ಎಂದು ಹೇಳಿಹೋದವರು ಅವರು. ತಮಿಳು ಸೇರಿದ ಅವರ ಕನ್ನಡವನ್ನು ನಾನು ಅಣಕಿಸುತ್ತಿದ್ದೆ, ಅವರು ನನ್ನ ತಲೆಗೆ ಮೊಟಕುತ್ತಿದ್ದರು.

ಈಗ ಸಿಪ್ಪೆಯ ಸರದಿಯ ವಿಷಯ ಹೇಳಬೇಕು. ಹಸು ಕಟ್ಟಿದ ಆರು ಜನ ಕೆಲಸಗಾರರಿದ್ದೆವು. ವಾರಕ್ಕೆ ಒಬ್ಬೊಬ್ಬರಿಗೆ ಒಂದು ದಿನ, ಆ ದಿನ ಬಿದ್ದ ಮಾವಿನ ಸಿಪ್ಪೆಯೆಲ್ಲ ಅವರದು. ಯಾರೂ ಬರೆದಿಟ್ಟ ಕಟ್ಟಳೆಯಲ್ಲ, ಮೊದಲಿನಿಂದ ನಡೆದುಬಂದದ್ದು. ನನ್ನದು ಶನಿವಾರ. ಸಿಪ್ಪೆಯನ್ನು ತೂಗುತ್ತಿರಲಿಲ್ಲ, ನೀರಿನಲ್ಲಿ ನೆನೆದ ಸಿಪ್ಪೆಗೆ ತೂಕ ಹಾಕಿ ಏನು ಪ್ರಯೋಜನ? ಟಬ್ಬು ಎಷ್ಟು ತುಂಬಿತು ಎಂದು ಎಣಿಸುತ್ತಿದ್ದರು, ಅಷ್ಟೇ. ಹಣ್ಣು ಎಷ್ಟು ಒಳಗೆ ಬಂತು, ಹೋಳು ಎಷ್ಟು ಆಯಿತು ಎನ್ನುವುದನ್ನು ಮಾತ್ರ ತೂಗಿ ಮ್ಯಾನೇಜರ್ ಕರಿಹಲಗೆಯ ಮೇಲೆ ಬರೆಯುತ್ತಿದ್ದರು.

ಆ ವರ್ಷ ಸುಗ್ಗಿಯ ಮೊದಲಲ್ಲಿ ನಮ್ಮ ಹಸು ಕೆಂದಿ ಈದು ಮೂರನೇ ದಿನಕ್ಕೆ ಮೇವು ಬಿಟ್ಟಿತು. ಡಾಕ್ಟರು ಬಂದು ಸೂಜಿ ಹಾಕಿದರು, ರತ್ನ ಬೆಲ್ಲ ಕಲಸಿದ ಬೂಸಾ ಇಟ್ಟಳು, ಹಸಿ ಹುಲ್ಲು ಇಟ್ಟಳು. ಮೂಸಿ ಮುಖ ತಿರುಗಿಸುತ್ತಿತ್ತು. ಕರು ಕೆಚ್ಚಲು ಗುದ್ದಿ ಗುದ್ದಿ ಸೋತು ಮಲಗುತ್ತಿತ್ತು. ಆ ಶನಿವಾರ ಮಧ್ಯಾಹ್ನ ಹಣ್ಣು ಮೆತ್ತಗಾದದ್ದನ್ನು ನಾನು ಗಮನಿಸದೆ ಒಂದಿಷ್ಟು ಸಿಪ್ಪೆ ದಪ್ಪಗೆ ಬಿದ್ದಿತ್ತು—ಇದು ನಿಜಕ್ಕೂ ಕೈತಪ್ಪು, ಇದೊಂದು ಮಾತ್ರ. ಅದನ್ನು ಮನೆಗೆ ತಂದು ಸುರಿದೆ. ಕೆಂದಿ ಟಬ್ಬಿಗೆ ಮೂತಿ ತೂರಿಸಿ ತಳ ನೆಕ್ಕುವವರೆಗೆ ತಿಂದಿತು. ರತ್ನ ಅದರ ಕುತ್ತಿಗೆ ಹಿಡಿದುಕೊಂಡು ಅತ್ತುಬಿಟ್ಟಳು.

ಮುಂದಿನ ಶನಿವಾರ ಊಟದ ಗಂಟೆ ಹೊಡೆದಾಗ ನಾನು ಹಿಂದೆ ಉಳಿದೆ. ಬ್ಲೇಡಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದೆ. ಕಾಲು ಸುತ್ತು... ಹೆಬ್ಬೆರಳು ಮತ್ತು ತೋರುಬೆರಳಿನ ಕೆಲಸ, ಕ್ಷಣವೂ ಹಿಡಿಯುವುದಿಲ್ಲ. ಸಿಪ್ಪೆಯನ್ನು ಬೆಳಕಿಗೆ ಹಿಡಿದೆ. ಬೆರಳಿನ ನೆರಳು ಕಾಣಲಿಲ್ಲ. ಸರಿ ಎಂದುಕೊಂಡೆ. ಸಂಜೆ ಮಿಷನ್ ನಿಲ್ಲಿಸಿದ ಮೇಲೆ ಸ್ಕ್ರೂವನ್ನು ಮತ್ತೆ ಮೊದಲಿನ ಜಾಗಕ್ಕೆ ತಂದಿಟ್ಟೆ.

ಸಿಪ್ಪೆ ದಪ್ಪವಾದರೆ ಟಬ್ಬು ಜಾಸ್ತಿ ತುಂಬುತ್ತದಲ್ಲ, ಅದಕ್ಕೂ ದಾರಿ ಕಂಡುಕೊಂಡೆ. ಕಾಲು ತೊಳೆದುಕೊಂಡು ಟಬ್ಬಿನೊಳಗೆ ಇಳಿದು ತುಳಿದೆ. ನಾಲ್ಕಾಗಬೇಕಾದದ್ದು ಎಂದಿನಂತೆ ಮೂರೇ ಆಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ—ಸ್ಕ್ರೂ ತಿರುಗಿಸಿದ್ದಕ್ಕಿಂತ ಹೆಚ್ಚಾಗಿ ಈ ತುಳಿದದ್ದಕ್ಕೆ. ತಿರುಗಿಸುವಾಗ ಹಸುವಿನ ನೆನಪಿತ್ತು ಎನ್ನಬಹುದು. ತುಳಿಯುವಾಗ ನನ್ನ ನೆನಪು ಮಾತ್ರ ಇತ್ತು.

ಎರಡು ವಾರಕ್ಕೆ ಕೆಂದಿ ಚೇತರಿಸಿಕೊಂಡಿತು. ಹುಲ್ಲು ತಿಂದಿತು, ಬೂಸಾ ತಿಂದಿತು, ಕರುವಿಗೆ ಮಿಕ್ಕಿ ಡೈರಿಗೂ ಹಾಲು ಹೋಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಾಲು ಗಟ್ಟಿಯಾಗಿದೆ ಎಂದು ರತ್ನ ಸಂಭ್ರಮಪಡುತ್ತಿದ್ದಳು, ನನಗೂ ರೂಢಿಯಾಗಿತ್ತು. ಪ್ರತಿ ಸಲ ಅಂದಾಜು ಹಾಕುವುದೇಕೆ ಎಂದು ಸ್ಕ್ರೂವಿನ ಪಕ್ಕದ ತಗಡಿನ ಮೇಲೆ, ಸರಿಯಾದ ಗೀಟಿನ ಪಕ್ಕ, ಅರದಿಂದ ಇನ್ನೊಂದು ಗೀಟು ಹಾಕಿಕೊಂಡೆ. ನೋಡಿ, ಕೆಟ್ಟದ್ದನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡುವ ಮನುಷ್ಯ ನಾನು.

ಇದರಲ್ಲಿ ಒಂದು ವಿಚಿತ್ರವಿತ್ತು. ಬ್ಲೇಡು ಆಳಕ್ಕೆ ಹೋದ ಮಧ್ಯಾಹ್ನಗಳಲ್ಲಿ ಹಣ್ಣಿನ ಮೈ ಬಹಳ ಚೆನ್ನಾಗಿ ಬರುತ್ತಿತ್ತು. ಒಂದು ಹಸಿರು ಚುಕ್ಕಿಯಿಲ್ಲ, ಮೊಟ್ಟೆಯ ಹಾಗೆ ನುಣುಪು. ಮೇಜಿನ ಹೆಂಗಸರಿಗೆ ಹೆರೆಯಲು ಏನೂ ಇರುತ್ತಿರಲಿಲ್ಲ. ‘ಸನಿವಾರ ನಿನ್ ಕೈಯಲ್ಲಿ ಏನೋ ಐತೆ ಪಾ’ ಎಂದು ಸೆಲ್ವಿಯಕ್ಕ ಮೆಚ್ಚಿಕೊಂಡರು. ನಾನು ನಕ್ಕೆ. ಹಣ್ಣನ್ನು ನೋಡಿದವರು ಯಾರೂ ಮಿಷನ್ ಮೇಲೆ ಅನುಮಾನಪಡುವಂತಿರಲಿಲ್ಲ. ಹೆರೆದ ಚೂರು ಕಡಿಮೆ, ಹಣ್ಣಿನ ಮೈ ಚೆಂದ, ಆದರೂ ಹೋಳಿನ ತೂಕ ಕಮ್ಮಿ—ಮ್ಯಾನೇಜರ್ ಕರಿಹಲಗೆಯ ಮುಂದೆ ನಿಂತು ಲೆಕ್ಕ ಹಾಕಿದರೆ ಉಳಿಯುವುದು ಒಂದೇ ಉತ್ತರ. ಮೇಜಿನಿಂದ ಯಾರೋ ಹೋಳು ಸಾಗಿಸುತ್ತಿದ್ದಾರೆ. ಅದೂ ಶನಿವಾರ ಮಾತ್ರ.

ಶನಿವಾರ ಮಾತ್ರ ದೊಡ್ಡ ಚೀಲ ತರುತ್ತಿದ್ದವರು ಸೆಲ್ವಿಯಕ್ಕ. ಕೆಲಸ ಬಿಟ್ಟ ಮೇಲೆ ಮಾರ್ಕೆಟ್ಟಿಗೆ ಹೋಗಿ ವಾರಕ್ಕಾಗುವ ತರಕಾರಿ ಕೊಂಡು ಗಾಡಿ ಹತ್ತುವುದು ಅವರ ವಾಡಿಕೆ.

ಐದನೆಯದೋ ಆರನೆಯದೋ ಶನಿವಾರ. ನಾನು ಟಬ್ಬುಗಳ ಸಿಪ್ಪೆಯನ್ನೆಲ್ಲ ಚೀಲಕ್ಕೆ ತುಂಬಿ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಗೇಟಿನ ಹತ್ತಿರ ಬಂದಾಗ ಮ್ಯಾನೇಜರ್ ಅಲ್ಲಿ ನಿಂತಿದ್ದರು. ಹೆಂಗಸರು ಸಾಲಾಗಿ ಹೊರಗೆ ಹೋಗುತ್ತಿದ್ದರು.

‘ಸೆಲ್ವಿ, ನಿನ್ನ ಚೀಲ ತೆಗಿ ಇಲ್ಲಿ.’

‘ಯಾಕೆ ಸಾರ್?’

‘ಶನಿವಾರ ಶನಿವಾರ ಹೋಳು ಕಮ್ಮಿ ಬರ್ತಿದೆ. ಶನಿವಾರಾನೇ ನೀನು ಈ ಚೀಲ ತರ್ತೀಯ.’

ಚೀಲದಲ್ಲಿ ತೊಳೆದ ಊಟದ ಡಬ್ಬಿ ಇತ್ತು. ಮಡಿಸಿದ ಇನ್ನೊಂದು ಚೀಲವಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಹತ್ತು ಹನ್ನೆರಡು ಮಾವಿನ ಗೊರಟೆಗಳಿದ್ದವು. ಹುಳಿಗೆ ಹಾಕಲು ಗೊರಟೆ ಎಲ್ಲರೂ ಒಯ್ಯುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಮ್ಯಾನೇಜರ್ ಒಂದು ಗೊರಟೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಯಾವ ಗೊರಟೆಯ ಮೇಲಾದರೂ ಒಂದಿಷ್ಟು ತಿರುಳು ಇದ್ದೇ ಇರುತ್ತದೆ. ‘ಇದಕ್ಕೇನಂತೀಯ?’ ಎಂದರು.

ಸೆಲ್ವಿಯಕ್ಕ ಮೊದಲು ನಗಲು ನೋಡಿದರು. ಆಮೇಲೆ ಮ್ಯಾನೇಜರ್ ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಯಿತು. ‘ನಮ್ಮನೇವ್ರು ಇಪ್ಪತ್ತೆಂಟು ವರ್ಸ ಗುಂಡಿಗಿಳ್ದೋರು ಸಾರ್. ಡೈಲಿ ಮೇಲೆ ಬಂದಾಗ ಮೈಯೆಲ್ಲ ತಡವಿ ನೋಡಿನೇ ಬಿಡೋರು. ಒಂದಿನ ಒಂದ್ ಚೂರು ಬಂಗಾರ ಸಿಕ್ಕಿಲ್ಲ. ನಾನೋಗಿ ಮಾಂಗಾ ಕದೀತೀನಾ ಸಾರ್?’

ಆಗ ಅವರು ನನ್ನನ್ನು ನೋಡಿದರು. ಅವರಿಗೆ ಏನೂ ಗೊತ್ತಿರಲಿಲ್ಲ—ಅದನ್ನು ಖಚಿತವಾಗಿ ಹೇಳಬಲ್ಲೆ. ಗುಂಪಿನಲ್ಲಿ ತನ್ನವರೊಬ್ಬರು ಕಂಡಾಗ ಮುಖದಲ್ಲಿ ಬರುವ ಸಮಾಧಾನ ಅದು.

‘ವೆಂಕಟೇಸನ್ನ ಕೇಳಿ ಸಾರ್. ಮಿಷನ್ ನೋಡೋದು ಅವನು ತಾನೆ? ಅಣ್ಣು ಎಲ್ಲೋಗುತ್ತೆ ಅಂತ ಅವನೇಳ್ತಾನೆ.’

ಮ್ಯಾನೇಜರ್ ನನ್ನ ಕಡೆ ತಿರುಗಿದರು. ‘ಏನಪ್ಪ ವೆಂಕಟೇಶ, ಮಿಷನ್ನಲ್ಲಿ ಏನಾದ್ರೂ ತೊಂದ್ರೆ ಇದೆಯಾ?’

‘ಇಲ್ಲ ಸಾರ್. ಮಿಷನ್ ಸರಿಗೈತೆ.’

ನನ್ನ ಬೆನ್ನ ಹಿಂದೆ ಮೊಪೆಡ್ಡಿನ ಮೇಲೆ ಮೂರು ಟಬ್ಬಿನ ಸಿಪ್ಪೆ ಇತ್ತು. ಚೀಲದಿಂದ ರಸ ತೊಟ್ಟಿಕ್ಕಿ ಗೇಟಿನ ಸಿಮೆಂಟಿನ ಮೇಲೆ ಬೀಳುತ್ತಿತ್ತು, ನೊಣ ಮುತ್ತುತ್ತಿತ್ತು. ಅಲ್ಲಿದ್ದವರಲ್ಲಿ ಒಬ್ಬರೂ ಆ ಕಡೆ ನೋಡಲಿಲ್ಲ.

ಸೋಮವಾರದಿಂದ ಚಾಕು ಮುಟ್ಟುವುದು ಬೇಡ, ತೊಟ್ಟಿಯಲ್ಲಿ ಹಣ್ಣು ತೊಳೆಯುವ ಕಡೆ ಹೋಗು ಎಂದು ಮ್ಯಾನೇಜರ್ ಹೇಳಿದರು. ಅವರ ಲೆಕ್ಕದಲ್ಲಿ ಅದು ದಯೆ. ಸೆಲ್ವಿಯಕ್ಕ ಗೊರಟೆಯ ಕವರನ್ನು ಗೇಟಿನ ಪಕ್ಕದ ಕಟ್ಟೆಯ ಮೇಲಿಟ್ಟರು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಸೋಮವಾರ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ. ಸುತ್ತಮುತ್ತಲ ಬೇರೆ ಫ್ಯಾಕ್ಟರಿಗಳಲ್ಲಿ ಕೇಳಿದರಂತೆ, ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಕೊನೆಗೆ ಬೆಳಗಿನ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ ಯಾವುದೋ ಆಫೀಸಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಒಂದೆರಡು ಸಲ ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಹೆಂಗಸರ ಡಬ್ಬಿಯ ಬಾಗಿಲಲ್ಲಿ, ಕಂಬಿ ಹಿಡಿದು ನಿಂತಿದ್ದನ್ನು ದೂರದಿಂದ ನೋಡಿದೆ. ಕಂಬದ ಹಿಂದೆ ಸರಿದು ನಿಂತೆ.

ಮುಂದಿನ ಶನಿವಾರ ನಾನು ಸ್ಕ್ರೂವನ್ನು ಹಳೆಯ ಗೀಟಿನಿಂದ ಕದಲಿಸಲಿಲ್ಲ. ಹೋಳಿನ ತೂಕ ಸರಿಹೋಯಿತು. ‘ನೋಡಿದ್ಯಾ’ ಎಂದರು ಮ್ಯಾನೇಜರ್, ‘ಅವಳು ಹೋದ ಮೇಲೆ ಎಲ್ಲ ಸರಿಹೋಯ್ತು.’ ನಾನು ಒಳ್ಳೆಯವನಾಗಲು ಮಾಡಿದ ಆ ಕೆಲಸವೇ ಸೆಲ್ವಿಯಕ್ಕನ ಮೇಲಿನ ಆರೋಪಕ್ಕೆ ಮೊಳೆ ಹೊಡೆಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಆಗಲೂ...

ಹನ್ನೊಂದು ಸುಗ್ಗಿ ಕಳೆದವು. ಆ ಮ್ಯಾನೇಜರ್ ಕೆಲಸ ಬಿಟ್ಟು ಊರಿಗೆ ಹೋದರು. ಈ ವರ್ಷ ಹೊಸ ಮಿಷನ್ ಬಂತು. ಬ್ಲೇಡಿನ ಆಳವನ್ನು ಪರದೆಯ ಮೇಲೆ ಅಂಕಿಯಲ್ಲಿ ತೋರಿಸುವಂಥದ್ದು. ಅದನ್ನು ಕೂರಿಸಲು ಬಂದ ಎಂಜಿನಿಯರಮ್ಮ ಹಳೆಯ ಮಿಷನ್ನಿನ ಹೊಂದಾಣಿಕೆಯನ್ನು ಬರೆದುಕೊಳ್ಳುತ್ತಾ ಕೂತಿದ್ದರು. ಬಟ್ಟೆಯಿಂದ ಜಿಡ್ಡು ಒರೆಸಿ, ಕನ್ನಡಕ ಏರಿಸಿಕೊಂಡು ತಗಡಿನ ಮೇಲೆ ಬಗ್ಗಿದರು.

‘ಈ ಗೀಟು ತೋತಾಪುರಿಗೆ. ಪಕ್ಕದ್ದು ಯಾವ ಹಣ್ಣಿಗೆ?’

ನೀಲಂ ಎನ್ನಬಹುದಿತ್ತು, ಬಾದಾಮಿ ಎನ್ನಬಹುದಿತ್ತು, ಆಕೆ ನಂಬಿ ಬರೆದುಕೊಳ್ಳುತ್ತಿದ್ದರು. ‘ಅದು ಯಾವ ಹಣ್ಣಿಗೂ ಅಲ್ಲ ಮೇಡಂ’ ಎಂದೆ. ಆಕೆ ಅಡ್ಡಗೆರೆ ಎಳೆದು ಮುಂದಿನ ಸಾಲಿಗೆ ಹೋದರು. ನಾನು ಹೊರಗೆ ಹೋಗಿ ನಲ್ಲಿಯ ಕೆಳಗೆ ಕೈ ತೊಳೆದೆ. ತುಂಬ ಹೊತ್ತು ತೊಳೆದೆ.

ಆ ಭಾನುವಾರ ಗಾಡಿ ಹತ್ತಿ ಚಾಂಪಿಯನ್‌ನಲ್ಲಿ ಇಳಿದೆ. ಗಣಿಯ ತ್ಯಾಜ್ಯ ಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಗಾಳಿಗೆ ಲೈನಿನ ಮೇಲೆ ಹಾರಿಬರುತ್ತಿತ್ತು. ಸೆಲ್ವಿಯಕ್ಕನ ಮನೆ ಯಾವುದೆಂದು ಕೇಳಿದ ತಕ್ಷಣ ತೋರಿಸಿದರು. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಮಂಡಿ ಹೋಗಿ, ಬೆಂಗಳೂರಿನ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ‘ಅಯ್ಯೋ, ನಮ್ಮ ಮಿಷನ್ ವೆಂಕಟೇಸ! ಬಾ ಪಾ, ನರೆ ಬಂದ್ಬಿಟ್ಟೈತಲ್ಲ ತಲೆಗೆ!’ ಎಂದು ನಕ್ಕರು. ಆ ನಗುವನ್ನು ನಾನು ಎದುರುನೋಡಿರಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ.

ಒಳಗೆ ಕರೆದು ಟೀ ಕೊಟ್ಟು, ಸೊಪ್ಪನ್ನು ಮುಂದಿಟ್ಟುಕೊಂಡು ಕೂತರು. ಗೋಡೆಯಲ್ಲಿ ಗಂಡನ ಫೋಟೋ ಇತ್ತು, ಹಾರ ಹಾಕಿತ್ತು. ಲೋಟ ಕೈಯಲ್ಲಿ ಹಿಡಿದೇ ಎಲ್ಲವನ್ನೂ ಹೇಳಿದೆ. ಕಾಲು ಸುತ್ತು, ಎರಡನೇ ಗೀಟು, ಟಬ್ಬು ತುಳಿದದ್ದು, ಗೇಟು. ಸೊಪ್ಪು ಬಿಡಿಸುತ್ತಿದ್ದ ಅವರ ಕೈ ಒಂದು ಕಡೆ ನಿಂತಿತು. ಮುಗಿದ ಮೇಲೆ ಕೇಳಿದರು.

‘ಆ ಅಸು ಬದುಕ್ತಾ?’

‘ಬದುಕ್ತು ಅಕ್ಕ. ಆಮೇಲೆ ನಾಕು ಕರು ಆಕ್ತು.’

‘ಒಳ್ಳೇದಾಯ್ತು ಬಿಡು.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಲೋಟ ಕೆಳಗಿಟ್ಟು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಮೊದಲ ಸಲ ಅವರ ದನಿ ಗಡುಸಾಯಿತು.

‘ಬೇಡ. ಎದ್ದೇಳು. ಇವ್ರಿಗೆ ನಾನ್ ಏಳ್ಲೇ ಇಲ್ಲ, ಗೊತ್ತಾ?’ ಎಂದು ಫೋಟೋದ ಕಡೆ ತಲೆಯಾಡಿಸಿದರು. ‘ಗೇಟಲ್ಲಿ ನನ್ ಚೀಲ ಬಿಚ್ಚಿದ್ರು ಅಂತ ಏಳಿದ್ರೆ ಆ ಮನುಷ್ಯ ಅವತ್ತೇ ಸತ್ತೋಗ್ತಿದ್ರು. ಫ್ಯಾಕ್ಟ್ರಿ ಮುಚ್ಬಿಟ್ರು ಅಂದೆ. ಸಾಯೋಗಂಟ ಅದೇ ಸುಳ್ಳು. ಅವ್ರತ್ರ ನಾನೇಳಿದ್ ಒಂದೇ ಸುಳ್ಳು ಪಾ ಅದು.’

ನಾನು ತಪ್ಪಾಯಿತು ಎಂದೆ. ಇನ್ನೂ ಏನೇನೋ ಅಂದೆ. ಅವರು ಕೈ ಅಡ್ಡ ಹಿಡಿದರು.

‘ನಂಗ್ಯಾಕೆ ಏಳ್ತೀಯ ವೆಂಕಟೇಸಾ? ನಾನ್ ತಗೊಂಡಿಲ್ಲ ಅಂತ ನಂಗೆ ಗೊತ್ತು ತಾನೆ? ಅವತ್ತಿಂದಾನೂ ಗೊತ್ತು. ಗೊತ್ತಿಲ್ದೋರು ಅಲ್ಲಿ ಅವ್ರೆ, ಗೇಟ್ ಅತ್ರ ನಿಂತ್ಕೊಂಡು ನೋಡಿದ್ರಲ್ಲ, ಅವ್ರು. ಓಗಿ ಅವ್ರಿಗೇಳು.’

ಕ್ಷಮಿಸಿದೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಟೀ ಆರಿದೆ, ಕುಡಿ ಎಂದರು. ಕುಡಿದು ಬಂದೆ.

ಮನೆಗೆ ಬಂದಾಗ ರತ್ನ ಹಾಲು ಕರೆದು ಕ್ಯಾನು ಮುಚ್ಚುತ್ತಿದ್ದಳು. ಅವಳೂ ಗೊತ್ತಿಲ್ಲದವರಲ್ಲಿ ಒಬ್ಬಳು. ಹನ್ನೊಂದು ವರ್ಷದಲ್ಲಿ ಡೈರಿಯ ಮುಂದೆ, ನಲ್ಲಿಯ ಹತ್ತಿರ, ಎಷ್ಟು ಸಲ ‘ಆ ಕಳ್ಳಿ ಸೆಲ್ವಿ’ ಎಂದಿದ್ದಾಳೋ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಅವಳಿಗೂ ಹೇಳಿದೆ. ಕೊನೆಗೆ ಎಲ್ಲವನ್ನೂ ಕೆಂದಿಯ ಮೇಲೆ ತಂದು ನಿಲ್ಲಿಸಿದೆ—ಹಸು ಸಾಯುತ್ತಿತ್ತು, ಕರು ಸಾಯುತ್ತಿತ್ತು, ನೀನೂ ಅಳುತ್ತಿದ್ದೆ, ಇನ್ನೇನು ಮಾಡಲಿ ಎಂದೆ.

ರತ್ನ ಕ್ಯಾನಿನ ಮುಚ್ಚಳ ಹಿಡಿದೇ ನಿಂತಿದ್ದಳು.

‘ಅಸುಗೆ ಸಿಪ್ಪೆ ಆಕಿದ್ದು ಸರಿ. ಅವ್ರು ಕೇಳ್ದಾಗ, ಮಿಷನ್ ಒಂದಿಷ್ಟು ತಪ್ಪಿತ್ತು ಸಾರ್ ಅಂದಿದ್ರೆ ಸಾಕಾಗ್ತಿರ್ಲಿಲ್ವಾ? ಮಿಷನ್ನು ತಪ್ಪಲ್ವಾ? ಯಾಕೆ ಅಂತ ಯಾರ್ ಕೇಳೋರು?’

ಯಾರೂ ಕೇಳುತ್ತಿರಲಿಲ್ಲ.

ಇದು ನನಗೆ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಅಥವಾ ಹೊಳೆಯಲು ನಾನು ಬಿಟ್ಟಿರಲಿಲ್ಲ. ನಿಜವನ್ನು ಪೂರ್ತಿ ಹೇಳುವ ಅಗತ್ಯವೂ ಇರಲಿಲ್ಲ. ಸಿಪ್ಪೆ ಸರದಿಯ ಮಾತು, ಹಸುವಿನ ಮಾತು, ಏನೂ ಬೇಕಿರಲಿಲ್ಲ. ಸ್ಕ್ರೂ ಸ್ವಲ್ಪ ಜಾರಿದೆ ಸಾರ್, ನಾನು ನೋಡಿಲ್ಲ—ಇಷ್ಟಂದಿದ್ದರೆ ಮ್ಯಾನೇಜರ್ ಗೊಣಗಿ ಒಳಗೆ ಹೋಗುತ್ತಿದ್ದರು. ಸೆಲ್ವಿಯಕ್ಕ ಗೊರಟೆ ತೆಗೆದುಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ಹೋಗುತ್ತಿದ್ದುದು ಒಂದೇ ಮಾತು: ವೆಂಕಟೇಶ ಕೂರಿಸಿದ ಮಿಷನ್ ಕೂದಲೆಳೆಯಷ್ಟೂ ಆಚೀಚೆ ಆಗಲ್ಲ ಎನ್ನುವ ಮಾತು. ಗೇಟಿನಲ್ಲಿ ಅಷ್ಟು ಜನರೆದುರು ಮ್ಯಾನೇಜರ್ ಕೇಳಿದಾಗ ನಾನು ಹೆದರಿದ್ದು ಸಿಕ್ಕಿಬೀಳುತ್ತೇನೆಂದಲ್ಲ. ನನ್ನ ಮಿಷನ್ನಿಗೆ ಕೆಟ್ಟ ಹೆಸರು ಬರುತ್ತದೆಂದು.

ಹಸುವಿಗಾಗಿ ಕದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಮಲಗುತ್ತಿದ್ದೆ. ಕದ್ದದ್ದು ಹಸುವಿಗೇ ಇರಬಹುದು. ಸೆಲ್ವಿಯಕ್ಕನನ್ನು ಬಿಟ್ಟುಕೊಟ್ಟದ್ದು ಹಸುವಿಗಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದಾಗ ಎದ್ದುನಿಂತು ಹೇಳಿದೆ. ಅಂದು ಮೇಜಿನಲ್ಲಿದ್ದವರಲ್ಲಿ ಇಬ್ಬರು ಇನ್ನೂ ಅಲ್ಲೇ ಇದ್ದಾರೆ. ಒಬ್ಬಳು ನನ್ನ ಮುಖ ನೋಡದೆ ಎದ್ದುಹೋದಳು. ಇನ್ನೊಬ್ಬಳು, ‘ಅವತ್ತಿಂದ ಸೆಲ್ವಿಯಕ್ಕನ್ ಜೊತೆ ಗಾಡೀಲಿ ಕೂರೋದೂ ಬಿಟ್ಬಿಟ್ಟೆ ಕಣಣ್ಣ’ ಎಂದಳು. ಹಳೆಯ ಮ್ಯಾನೇಜರ್ ನಂಬರು ಹುಡುಕಿ ಫೋನು ಮಾಡಿದೆ. ಅವರಿಗೆ ನೆನಪಾಗಲು ಸಮಯ ಹಿಡಿಯಿತು. ನೆನಪಾದ ಮೇಲೆ ಫೋನು ಇಟ್ಟುಬಿಟ್ಟರು. ಸುತ್ತಲಿನ ಫ್ಯಾಕ್ಟರಿಗಳಿಗೂ ಒಂದೊಂದಾಗಿ ಹೋಗಿ ಬಂದೆ. ರತ್ನ ಡೈರಿಯ ಮುಂದೆ, ನಾನು ಹೇಳದೆಯೇ, ತನ್ನ ಪಾಲಿನದು ಹೇಳಿ ಬಂದಿದ್ದಾಳೆ. ನನ್ನ ಜೊತೆ ಮಾತು ಮಾತ್ರ ಇನ್ನೂ ಅಷ್ಟಕ್ಕಷ್ಟೆ.

ಅಂದು ಗೇಟಿನಲ್ಲಿದ್ದ ಇನ್ನೂ ಹಲವರು ಎಲ್ಲಿದ್ದಾರೋ ಗೊತ್ತಿಲ್ಲ. ಮಾಲೂರಿನ ಕಡೆ ಮದುವೆಯಾಗಿ ಹೋದವರಿದ್ದಾರೆ, ಆಂಧ್ರಕ್ಕೆ ಹೋದವರಿದ್ದಾರೆ. ಅ‌ವರು ಆ ಸಂಜೆಯನ್ನು ಇನ್ನೂ ಯಾರಿಗೋ ಹೇಳುತ್ತಿರಬಹುದು, ನಮ್ಮ ಫ್ಯಾಕ್ಟರಿಯಲ್ಲಿ ಒಬ್ಬಳಿದ್ದಳು ಎಂದು. ಅವರ ಕಿವಿಗೂ ಇದು ಹೇಗಾದರೂ ಬೀಳಲಿ ಎಂದೇ ಬರೆದಿದ್ದೇನೆ. ಓದಿದ ನಿಮಗೆ ಅವರಲ್ಲಿ ಯಾರಾದರೂ ಸಿಕ್ಕಿದರೆ ದಯವಿಟ್ಟು ಹೇಳಿ. ಸೆಲ್ವಿಯಕ್ಕ ತೆಗೆದುಕೊಂಡು ಹೋದದ್ದು ಊಟದ ಡಬ್ಬಿ ಒಂದೇ. ಮಿಷನ್ ಸರಿಯಿರಲಿಲ್ಲ.